ಕತ್ತರಿ ಕೊಟ್ಟ ದೂರು

ಠಾಣೆಯ ಅಧಿಕಾರಿ ದೂರನ್ನು ಎರಡು ಸಲ ಓದಿದ. ಎರಡನೆಯ ಸಲ ಬೆರಳನ್ನು ಸಾಲಿನಿಂದ ಸಾಲಿಗೆ ಜಾರಿಸುತ್ತ ಹೋಗಿ, ಕೊನೆಗೆ ಕಾಗದವನ್ನು ಮೇಜಿನ ಮೇಲಿಟ್ಟು, ಪೆನ್ನನ್ನು ಅದರ ಮೇಲೆ ಅಡ್ಡಡ್ಡ ಮಲಗಿಸಿದ.

“ಚೆನ್ನಾಗಿ ಬರೆದಿದ್ದೀರಿ ಮೇಡಂ. ಪೇಪರ್ ಓದಿದ ಹಾಗೇ ಇದೆ. ಆದ್ರೆ ಅವನು ಏನು ಅಂದ ಅನ್ನೋದೇ ಇದರಲ್ಲಿ ಇಲ್ವಲ್ಲ.”

“ಇದೆಯಲ್ಲ. ಅವಾಚ್ಯ ಶಬ್ದಗಳಿಂದ ನಿಂದಿಸಿ ಜೀವ ಬೆದರಿಕೆ ಒಡ್ಡಿದ್ದಾರೆ ಅಂತ ಬರೆದಿದ್ದೀನಿ.”

“ಅದು ನೀವು ಅಂದಿದ್ದು. ಅವನು ಅಂದಿದ್ದೇನು?”

ಅವಳು ಮೊಬೈಲನ್ನು ಅವನ ಮುಂದೆ ಸರಿಸಿದಳು. ಪರದೆಯ ಮೇಲೆ ಆ ಸಂದೇಶದ ಚಿತ್ರವಿತ್ತು. ಬರೆದವನ ಖಾತೆಯ ಹೆಸರಿನ ಮೇಲೆ ಒಂದು ಕಪ್ಪು ಪಟ್ಟಿ, ಅವನ ಮುಖದ ಮೇಲೆ ಇನ್ನೊಂದು. ಸಂದೇಶದೊಳಗೆ ಒಂದೊಂದು ಪದದ ಮೇಲೆ, ಅರ್ಧರ್ಧ ಸಾಲುಗಳ ಮೇಲೆ, ಕಡೆಗೆ ಒಂದು ಇಡೀ ಸಾಲಿನ ಮೇಲೆ, ಅದೇ ಕಪ್ಪು. ಓದಲು ಸಿಗುತ್ತಿದ್ದದ್ದು ‘ನೀನು’, ‘ಅಲ್ಲಿಂದ’, ‘ನೋಡು’ ಎಂಬಂಥ ಪದಗಳು ಮಾತ್ರ.

ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿದ. “ಇದೇನು, ಮೊಬೈಲ್ ಕೆಟ್ಟಿದೆಯಾ?”

“ಇಲ್ಲ. ನಾನೇ ಮುಚ್ಚಿದ್ದು.”

“ಯಾಕೆ?”

ಮುಚ್ಚಿದ್ದು ಯಾಕೆ ಎಂದು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಮುಚ್ಚದೆ ಬಿಟ್ಟಾಗ ಮಾತ್ರ ಕೇಳುತ್ತಿದ್ದರು.

ಅವಳು ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕೂದಲು ನರೆಯುವವರೆಗೆ ದುಡಿದವಳು. ಬೀದಿಗೆ ಹೋಗಿ ಸುದ್ದಿ ತರುವ ಕೆಲಸವಲ್ಲ, ತಂದ ಸುದ್ದಿಯನ್ನು ತಿದ್ದುವ ಕೆಲಸ. ವರದಿಗಾರರು ಏದುಸಿರು ಬಿಡುತ್ತ ಕಳಿಸಿದ್ದನ್ನು, ಮಕ್ಕಳು ಮುದುಕರು ಕೂತ ಮನೆಯಲ್ಲಿ ಗಟ್ಟಿಯಾಗಿ ಓದಿದರೂ ಯಾರೂ ತಲೆ ತಗ್ಗಿಸದ ಹಾಗೆ ಮಾಡಿ ಅಚ್ಚಿಗೆ ಬಿಡಬೇಕು. ಬೈಗುಳವಿದ್ದರೆ ಅದು ಅವಾಚ್ಯ ಶಬ್ದ. ಮೈಮೇಲೆ ಕೈ ಹಾಕಿದರೆ ಅದು ಅನುಚಿತ ವರ್ತನೆ. ಆರೋಪ ಸಾಬೀತಾಗದವನ ಹೆಸರು ಹಾಕಬಾರದು, ಚಿತ್ರ ಹಾಕಲೇಬೇಕಾಗಿ ಬಂದರೆ ಮುಖಕ್ಕೆ ಕಪ್ಪು ಪಟ್ಟಿ ಎಳೆಯಬೇಕು. ಅವಳ ಕೈ ಇದರಲ್ಲಿ ಎಷ್ಟು ಪಳಗಿತ್ತೆಂದರೆ, ಕಚೇರಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು ಬಿತ್ತು. ಸಂಪಾದಕರು “ಕತ್ತರಿ ಬಂದಳಾ?” ಎನ್ನುವರು, ಕಿರಿಯರು “ಕತ್ತರಿ ಮೇಡಂ” ಎನ್ನುವರು. ಹೆಸರು ಮನೆಗೂ ಅಂಟಿಕೊಂಡು ಬಂತು. ಅವಳಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಕೆಲಸ ಬಲ್ಲವಳೆಂದು ಕರೆಸಿಕೊಳ್ಳುವುದರಲ್ಲಿ ಬೇಸರ ಪಡುವಂಥದ್ದೇನಿದೆ?

ಒಂದು ಬೆಳಿಗ್ಗೆ ಹೋದರೆ ಪತ್ರಿಕೆಯ ಕಚೇರಿಗೆ ಬೀಗ ಬಿದ್ದಿತ್ತು. ಉಳಿದವರು ಜಾಹೀರಾತು ಕಂಪನಿಗೋ ಶಾಲೆಗೋ ಸೇರಿಕೊಂಡರು. ಕತ್ತರಿ ಮಾತ್ರ ಮನೆಯ ಊಟದ ಮೇಜಿನ ಒಂದು ಮೂಲೆಯನ್ನು ಒರೆಸಿಕೊಂಡು, ಅಂತರ್ಜಾಲದಲ್ಲಿ ತನ್ನದೇ ಒಂದು ಸುದ್ದಿಪುಟ ತೆರೆದಳು. ಮಾಲೀಕಳೂ ಅವಳೇ, ವರದಿಗಾರಳೂ ಅವಳೇ, ಕಸ ಗುಡಿಸುವವಳೂ ಅವಳೇ. ನೀರು ಬಿಡದ ಬೀದಿ, ಔಷಧಿ ಇಲ್ಲದ ಸರ್ಕಾರಿ ಆಸ್ಪತ್ರೆ, ಪಾದಚಾರಿ ದಾರಿಯ ಮೇಲೆ ಕಟ್ಟಿದ ಗೋಡೆ, ಇಂಥವೇ ಅವಳ ಸುದ್ದಿಗಳು. ದೊಡ್ಡ ಪತ್ರಿಕೆಗಳಿಗೆ ಬೇಡವಾದವು. ಓದುವವರು ಇದ್ದರು.

ಬೆದರಿಕೆ ಬಂದದ್ದು ಒಂದು ಮೆಟ್ಟಿಲಿನ ವಿಷಯಕ್ಕೆ. ಪೇಟೆಯಲ್ಲೊಂದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಹಾಸಿಗೆ ದಿಂಬಿನ ಅಂಗಡಿ, ಮೇಲಿನ ಅಂತಸ್ತುಗಳಲ್ಲಿ ಮಕ್ಕಳ ಪಾಠದ ಕೋಣೆಗಳು. ಬೆಂಕಿ ಬಿದ್ದರೆ ಇಳಿಯಲೆಂದು ಹಿಂಬದಿಯಲ್ಲಿ ಕಟ್ಟಿದ ಮೆಟ್ಟಿಲಿಗೆ ಬಾಗಿಲು ಹಾಕಿ ಬೀಗ ಜಡಿದು, ಒಳಗೆ ಅಂಗಡಿಯವರು ಹಾಸಿಗೆ ಪೇರಿಸಿದ್ದರು. ಕತ್ತರಿ ಹೋಗಿ ನೋಡಿ, ಚಿತ್ರ ತೆಗೆದು, ಕಂಡದ್ದನ್ನು ಕಂಡಷ್ಟೇ ಬರೆದಳು. ಕಟ್ಟಡದ ಯಜಮಾನರ ಹೆಸರನ್ನೂ ಹಾಕಲಿಲ್ಲ.

ಆದರೆ ಅವಳ ಹೆಸರನ್ನು ಹಾಕುವವರು ಬೇಕಾದಷ್ಟಿದ್ದರು. ಮೊದಲು ಬೈಗುಳ ಬಂತು. ಬೈಗುಳವನ್ನು ಅವಳು ಕೆಲಸದ ಕಸವೆಂದೇ ತಿಳಿದು ಅಳಿಸುತ್ತಿದ್ದಳು. ಆಮೇಲೆ, ಜಾಲತಾಣದಲ್ಲಿ ಅವಳೂ ಇದ್ದ ಊರಿನ ಒಂದು ಹರಟೆ ಗುಂಪಿನಲ್ಲಿ ಅವಳ ಮನೆಯ ಬಾಗಿಲಿನ ಚಿತ್ರ ಬಂತು. ಅದರ ಕೆಳಗೆ, ಅವಳ ಅತ್ತೆ ವಾರದಲ್ಲಿ ಯಾವ್ಯಾವ ದಿನ ಎಷ್ಟು ಹೊತ್ತಿಗೆ ಡಯಾಲಿಸಿಸ್‌ಗೆ ಹೋಗುತ್ತಾರೆ, ಸೊಸೆ ಎಲ್ಲಿ ಕಾಯುತ್ತಾ ಕೂರುತ್ತಾಳೆ ಎಂಬ ವಿವರವಿತ್ತು, ಬೆದರಿಕೆಯಿತ್ತು. ಅದನ್ನೊಮ್ಮೆ ಓದಿ, ಚಿತ್ರ ಹಿಡಿದು, ಎಂದಿನಂತೆ ಕಪ್ಪು ಪಟ್ಟಿ ಎಳೆದು, ತಿದ್ದಿದ ಪ್ರತಿ ಇಟ್ಟುಕೊಂಡು ತನ್ನ ಮೊಬೈಲಿನಿಂದ ಮೂಲವನ್ನು ಅಳಿಸಿದಳು. ಮಾರನೆಯ ದಿನ ನೋಡುವಷ್ಟರಲ್ಲಿ ಗುಂಪಿನವರು ಅವಳನ್ನು ಹೊರಗೆ ಹಾಕಿದ್ದರು. ಚಿತ್ರ ಅಲ್ಲೇ ಇತ್ತು. ಊರೆಲ್ಲ ನೋಡಬಹುದಿತ್ತು, ಅವಳೊಬ್ಬಳನ್ನು ಬಿಟ್ಟು.

ಮನೆ ಬದಲಾಯಿಸಬಹುದು, ಹೋಗುವ ದಾರಿ ಬದಲಾಯಿಸಬಹುದು. ಡಯಾಲಿಸಿಸ್‌ನ ಹೊತ್ತನ್ನು ಬದಲಾಯಿಸಲು ಬರುವುದಿಲ್ಲ. ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಒಂದು ಸರದಿ ತಪ್ಪಿದರೆ ಅತ್ತೆಯ ಕಾಲು ಊದಿಕೊಳ್ಳುತ್ತಿತ್ತು, ಇನ್ನೊಂದು ತಪ್ಪಿದರೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಆ ಬರಹ ಅಲ್ಲಿಂದ ಇಳಿಯಲೇಬೇಕಿತ್ತು. ಕತ್ತರಿಗೆ ಬೇಕಾಗಿದ್ದದ್ದು ಅಷ್ಟೇ.

ಗಂಡ ಶೀತಲ ಉಗ್ರಾಣದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು, ಮಾತು ಕಡಿಮೆ. “ಆ ಮೆಟ್ಟಿಲು ನಮ್ಮಪ್ಪಂದಾ?” ಎಂದು ಒಮ್ಮೆ ಕೇಳಿದ. ಅವಳು ಅವನ ಊಟದ ಡಬ್ಬಿ ಕಟ್ಟಿಕೊಟ್ಟಳು. ಅವನು ಮತ್ತೆ ಕೇಳಲಿಲ್ಲ.

ಠಾಣೆಯಿಂದ ಬಂದವಳು ಪತ್ರಕರ್ತರ ರಕ್ಷಣಾ ಸಮಿತಿಯ ಕಚೇರಿಗೆ ಹೋದಳು. ಬೆದರಿಕೆ ಬಂದ ಪತ್ರಕರ್ತರಿಗೆ ರಕ್ಷಣೆ ಕೊಡಬೇಕೆಂಬ ಕಾನೂನೊಂದು ಬಂದಿತ್ತು. ಬಂದಾಗ ಅದರ ಸುದ್ದಿಯನ್ನು ಅವಳೇ ತನ್ನ ಪುಟದಲ್ಲಿ ಬರೆದಿದ್ದಳು. ಸಮಿತಿಯ ಗುಮಾಸ್ತ ಕೆಟ್ಟವನಲ್ಲ, ಕುರ್ಚಿ ತೋರಿಸಿದ.

“ನಿಮ್ಮ ಸಂಸ್ಥೆಯಿಂದ ಒಂದು ಪತ್ರ ಬೇಕಮ್ಮ.”

“ಸಂಸ್ಥೆ ಅಂದ್ರೆ ನಾನೇ.”

“ಹಾಗಾದ್ರೆ ನೀವೇ ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡಿದ್ದೀನಿ ಅಂತ ಬರ್ಕೊಂಡು ಬನ್ನಿ.”

ಬರೆದುಕೊಂಡು ಹೋದಳು. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು ತಲೆ ಕೆರೆದುಕೊಂಡ. “ಪತ್ರ ಕೊಟ್ಟೋರು, ಪತ್ರ ತಗೊಂಡೋರು ಒಬ್ರೇ ಆಗೋ ಹಾಗಿಲ್ವಂತೆ ಅಮ್ಮ. ಬೇರೆ ಯಾರಾದ್ರೂ ನಿಮ್ಮನ್ನ ಕೆಲಸಕ್ಕೆ ಇಟ್ಕೊಳ್ತಾರಾ ನೋಡಿ.”

ಹೀಗೆ ಅಲೆದು ಅಲೆದು ಕೊನೆಗೆ ಅವಳು ಒಬ್ಬ ವಕೀಲೆಯ ಬಳಿ ಬಂದಳು. ಜೆರಾಕ್ಸ್ ಅಂಗಡಿಯ ಮೇಲೆ ವಕೀಲೆಯ ಕೋಣೆ. ಕೆಳಗಿನ ಯಂತ್ರ ಓಡಿದಾಗಲೆಲ್ಲ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ವಕೀಲೆಗೆ ನೆಗಡಿ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು.

“ಆ ಸಮಿತಿಯ ಬಾಗಿಲು ತಟ್ತಾ ಕೂತ್ರೆ ಕೆಲಸ ಆಗೋದಿಲ್ಲ. ಒಂಟಿಯಾಗಿ ಬರೆಯೋರು ಪತ್ರಕರ್ತರು ಹೌದೋ ಅಲ್ವೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಅದು ಮುಗಿಯೋವರೆಗೆ ನಿಮ್ಮನ್ನ ಮನುಷ್ಯಳು ಅಂತಾದ್ರೂ ಒಪ್ಕೋತಾರಲ್ಲ, ಅಲ್ಲಿಂದ ಶುರು ಮಾಡೋಣ. ನೇರ ಕೋರ್ಟಿಗೆ ಹೋಗಿ, ಆ ಬರಹ ಇಳಿಸಿ ಅಂತ ಜಾಲತಾಣದ ಕಂಪನಿಗೆ ಆದೇಶ ಕೇಳೋಣ. ಎಲ್ಲಿ, ತೋರಿಸಿ.”

ತೋರಿಸಿದಳು. ವಕೀಲೆ ಪರದೆಯನ್ನು ಹಿಗ್ಗಿಸಿ ನೋಡಿದಳು. ಹಿಗ್ಗಿಸಿದಷ್ಟೂ ಕಪ್ಪು ದೊಡ್ಡದಾಯಿತೇ ಹೊರತು ಬೇರೇನೂ ಕಾಣಲಿಲ್ಲ.

“ಮೂಲ ಎಲ್ಲಿ?”

“ಅಳಿಸಿದೆ. ತಿದ್ದಿದ ಪ್ರತಿ ಕೈಗೆ ಬಂದ ಮೇಲೆ ಮೂಲ ಇಟ್ಕೊಳ್ಳೋ ಪದ್ಧತಿ ನಮ್ಮಲ್ಲಿರಲಿಲ್ಲ.”

“ಖಾತೆಯ ಹೆಸರು?”

“ಅದನ್ನ ನಾನು ಓದೋದೇ ಇಲ್ಲ. ಮೊದಲು ಮುಚ್ಚೋದೇ ಅದನ್ನ.”

ವಕೀಲೆ ಮೂಗು ಒರೆಸಿಕೊಂಡಳು. “ನಿಮ್ಮನ್ನ ಕಾಪಾಡೋಕೆ ಯಾವ ಕಾನೂನಿದೆ ಅಂತ ನಾನು ಹುಡುಕ್ತಾ ಇದ್ದೀನಿ. ಅವನನ್ನ ಕಾಪಾಡೋ ಕೆಲಸ ನೀವು ಆಗಲೇ ಮುಗಿಸಿದ್ದೀರಿ.”

ಕತ್ತರಿಗೆ ಅವನ ಮಾತು ನೆನಪಿತ್ತು. ಒಂದಕ್ಷರ ಬಿಡದೆ ನೆನಪಿತ್ತು, ಅದೇ ಅವಳ ತೊಂದರೆ. ಪತ್ರಿಕೆಯಲ್ಲಿ ಕತ್ತರಿಸಿದ ಮಾತುಗಳನ್ನು ಅವಳು ಮನೆಗೆ ಹೋಗುವ ಬಸ್ಸಿನಲ್ಲೇ ಮರೆಯುತ್ತಿದ್ದಳು. ಇದು ಮರೆಯುತ್ತಿರಲಿಲ್ಲ. ಆದರೆ ಬರೀ ನೆನಪನ್ನು ಕೋರ್ಟು ಎಷ್ಟು ಮಾತ್ರ ನಂಬೀತು? ಹೆಸರಿಲ್ಲ, ಅಂತರ್ಜಾಲದ ಕೊಂಡಿಯಿಲ್ಲ, ಯಾವ ಬರಹವನ್ನು ಇಳಿಸಿ ಎಂದು ಕಂಪನಿಗೆ ಹೇಳುವುದು? “ಆ ಗುಂಪಿನೊಳಗೆ ಇರೋ ಯಾರಾದ್ರೂ ಒಬ್ರು ಸಿಕ್ರೆ ನೋಡಿ” ಎಂದು ವಕೀಲೆ ಕಳಿಸಿಕೊಟ್ಟಳು. ಕತ್ತರಿ ಹಳೆಯ ಸಹೋದ್ಯೋಗಿಗಳನ್ನು ಕೇಳಿದಳು. ಇಬ್ಬರು ಆ ಗುಂಪಿನಲ್ಲಿ ಇಲ್ಲವೆಂದರು. ಒಬ್ಬ ಇದ್ದೇನೆಂದು ಒಪ್ಪಿಕೊಂಡವನು, ತನಗೂ ಹೆಂಡತಿ ಮಕ್ಕಳಿದ್ದಾರೆ ಎಂದ.

ಡಯಾಲಿಸಿಸ್ ದಿನ ಬಂತು. ಕತ್ತರಿ ಈಗ ಹೊರಗಿನ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ದಾದಿಯನ್ನು ಬೇಡಿಕೊಂಡು ಅತ್ತೆಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅತ್ತೆ ಜೀವಮಾನವೆಲ್ಲ ದೂರವಾಣಿ ಕೇಂದ್ರದಲ್ಲಿ ಕೂತು, ಲೈನು ಸಿಗದೆ ಕೂಗಾಡುವ ಊರ ಸಿಡುಕರನ್ನೆಲ್ಲ ಸಂಭಾಳಿಸಿದವರು. ಎಡಗೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿ, ಬಲಗೈಯ ಹೆಬ್ಬೆರಳೊಂದರಿಂದಲೇ ಮೊಬೈಲಿನಲ್ಲಿ ಏನನ್ನೋ ಕುಟ್ಟುತ್ತಿದ್ದರು. ಆಗಾಗ ತಮ್ಮಷ್ಟಕ್ಕೆ ನಗುತ್ತಿದ್ದರು.

“ಯಾರ ಜೊತೆ ಅತ್ತೆ ಅಷ್ಟೊಂದು ಮಾತು?”

“ನಿನ್ನ ಮಹಾನುಭಾವನ ಜೊತೆ.”

“ಯಾವ ಮಹಾನುಭಾವ?”

“ಅವನೇ ಕಣೇ, ನಿನ್ನ ಎತ್ಕೊಂಡು ಹೋಗ್ತೀನಿ ಅಂತಾನಲ್ಲ. ಎತ್ತೋಕೆ ಮುಂಚೆ ತೂಕ ಎಷ್ಟು ಅಂತ ಕೇಳ್ಕೋ, ಸೊಂಟ ಹಿಡ್ಕೊಂಡೀತು ಅಂತ ಬರ್ದೆ.”

ಕತ್ತರಿ ಮೊಬೈಲನ್ನು ಕಸಿದುಕೊಂಡಳು. ಗುಂಪು ಅದೇ. ಬಾಗಿಲಿನ ಚಿತ್ರವೂ ಅದೇ, ಕೆಳಗಿನ ಬರಹವೂ ಅದೇ, ಎಲ್ಲಿಯೂ ಕಪ್ಪಿಲ್ಲ. ಅದರ ಕೆಳಗೆ ಉದ್ದಕ್ಕೆ ಅತ್ತೆಯ ಉತ್ತರಗಳು. ಅತ್ತೆಯ ಖಾತೆಗೆ ಮುಖದ ಬದಲು ಒಂದು ಹೂಕುಂಡದ ಚಿತ್ರವಿದ್ದದ್ದರಿಂದ ಅದು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ‘ಮೂರೂ ಬಿಟ್ಟವನೇ, ಕಾಯಿಲೆ ಬಿದ್ದ ಹೆಂಗಸು ಆಸ್ಪತ್ರೆಗೆ ಹೋಗೋದನ್ನ ಕಾಯ್ತಾ ಕೂತಿದ್ದೀಯಲ್ಲ, ನಿನಗೆ ಬೇರೆ ಕಸುಬಿಲ್ವಾ?’ ಎಂದಿತ್ತು ಒಂದು. ‘ನಿನ್ನ ನಾಲಿಗೆಗೆ ಬರೆ ಹಾಕ್ಬೇಕು’ ಎಂದಿತ್ತು ಇನ್ನೊಂದು.

“ಇಷ್ಟು ದಿನದಿಂದ ಇದನ್ನ ಮಾಡ್ತಿದ್ದೀರಾ? ನನಗೆ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ಇದಕ್ಕೂ ಮಸಿ ಬಳೀತಿದ್ದೆ ನೀನು. ಕೊಡಿಲ್ಲಿ, ಅರ್ಧಕ್ಕೇ ನಿಂತಿದೆ.”

ಕತ್ತರಿ ಕೊಡಲಿಲ್ಲ. ಹೆಸರು, ಕೊಂಡಿ, ಬರಹ, ಎಲ್ಲವನ್ನೂ ಹಾಗೆಹಾಗೇ ಚಿತ್ರ ಹಿಡಿದು ವಕೀಲೆಗೆ ಕಳಿಸಿದಳು. ಕೈ ಎರಡು ಸಲ ಕಪ್ಪು ಪಟ್ಟಿಯ ಗುರುತಿನ ಕಡೆಗೆ ತಾನಾಗಿಯೇ ಹೋಯಿತು.

ವಕೀಲೆಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಅತ್ತೆಯನ್ನು ಕೂರಿಸಿಕೊಂಡು ಕೇಳಿದಳು. “ಅಮ್ಮಾ, ನೀವು ನಾಲಿಗೆಗೆ ಬರೆ ಹಾಕೋ ಮಾತಾಡಿದ್ದೀರಿ. ಆ ಕಡೆ ವಕೀಲರು ಇದೂ ಬೆದರಿಕೆ ಅಂತಾರೆ.”

“ನಾನೇ ಹಾಕ್ತೀನಿ ಅಂದ್ನಾ? ಯಾರಿಗೆ ಪುರುಸೊತ್ತಿದೆಯೋ ಅವರು ಹಾಕಲಿ.”

“ಆ ಸಾಲನ್ನ ಬಿಟ್ಟುಬಿಟ್ರೆ?” ಎಂದಳು ಕತ್ತರಿ.

ವಕೀಲೆ ಅವಳನ್ನೊಮ್ಮೆ ದಿಟ್ಟಿಸಿದಳು. “ಒಂದು ಅಕ್ಷರ ಬಿಟ್ರೂ ಉಳಿದದ್ದನ್ನ ಯಾರೂ ನಂಬೋದಿಲ್ಲ. ಅವನ ಮಾತೂ ಪೂರ್ತಿ, ಅತ್ತೆ ಮಾತೂ ಪೂರ್ತಿ. ಹೋಗಿ ಟೈಪ್ ಮಾಡಿಸ್ಕೊಂಡು ಬನ್ನಿ.”

ಕೋರ್ಟಿನ ಗೋಡೆಗೆ ಒರಗಿ ಕೂರುವ ಟೈಪಿಸ್ಟ್ ಬೊಕ್ಕ ತಲೆಯ ಮನುಷ್ಯ. ಕತ್ತರಿ ಬರೆದುಕೊಟ್ಟಿದ್ದನ್ನು ನೋಡಿ ನೋಡಿ ಕುಟ್ಟಿದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. “ಯಾಕಮ್ಮ ಆ ಕಡೆ ತಿರುಗಿದ್ದೀರಿ? ಬೆಳಗ್ಗಿಂದ ಇದು ಇಂಥದ್ದೇ ಎರಡನೇದು” ಎಂದ. “ಆಸ್ತಿ ಜಗಳದೋರ ಬಾಯಿ ನೀವು ಕೇಳ್ಬೇಕು.”

ವಿಚಾರಣೆಯ ದಿನ ಕೋರ್ಟಿನ ಕೋಣೆ ತುಂಬಿತ್ತು. ಫ್ಯಾನಿನ ಗಾಳಿ ನ್ಯಾಯಾಧೀಶರ ಮೇಜಿನವರೆಗೆ ಮಾತ್ರ ಬರುತ್ತಿತ್ತು. ಅತ್ತೆ ಹಿಂದಿನ ಬೆಂಚಿನಲ್ಲಿ, ಬಾಡಿಗೆ ತಗಾದೆಯ ಇಬ್ಬರ ನಡುವೆ ಜಾಗ ಮಾಡಿಸಿಕೊಂಡು ಕೂತಿದ್ದರು. ಜಾಲತಾಣದ ಕಂಪನಿಯ ವಕೀಲ ಚಿಕ್ಕ ವಯಸ್ಸಿನವನು, ನಯವಾಗಿ ಮಾತಾಡಿದ. ಇದು ಬೆದರಿಕೆಯಲ್ಲ, ಎರಡು ಕಡೆಯವರ ವಾಗ್ವಾದ. ಅರ್ಜಿದಾರರ ಮನೆಯ ವೃದ್ಧೆಯೇ ನಾಲಿಗೆಗೆ ಬರೆ ಹಾಕುವ ಮಾತಾಡಿದ್ದಾರೆ. ಅರ್ಜಿದಾರರು ಯಾವ ಸುದ್ದಿಸಂಸ್ಥೆಯ ಪತ್ರಕರ್ತೆಯೂ ಅಲ್ಲ. ಹೀಗೆ ಸಿಟ್ಟಿನಲ್ಲಿ ಆಡಿದ ಮಾತನ್ನೆಲ್ಲ ಇಳಿಸುತ್ತ ಹೋದರೆ ಯಾರೂ ಏನೂ ಬರೆಯುವ ಹಾಗಿರುವುದಿಲ್ಲ. ಕೊನೆಯ ಮಾತು ಕತ್ತರಿಗೂ ಒಪ್ಪಿಗೆಯಾಗುವಂಥದ್ದೇ, ಬೇರೆ ದಿನವಾಗಿದ್ದರೆ.

ನ್ಯಾಯಾಧೀಶರು ಹಾಳೆ ಮಗುಚಿದರು. “ಮುಖ್ಯವಾದ ಬರಹ ಯಾವುದು? ಅರ್ಜಿದಾರರೇ ಓದಲಿ.”

ಕತ್ತರಿ ಎದ್ದು ನಿಂತಳು. “ಎದುರುದಾರರು ನನ್ನನ್ನು ಅವಾಚ್ಯವಾಗಿ ನಿಂದಿಸಿ...”

“ಅಮ್ಮಾ, ಸಾರಾಂಶ ಬೇಡ. ಅಲ್ಲಿ ಇರೋದನ್ನ ಓದಿ.”

ಅವಳು ಹಾಳೆಯನ್ನು ನೋಡಿದಳು. ಅದನ್ನು ತಿದ್ದಬೇಕಾದ ಜಾಗಗಳು ಅವಳಿಗೆ ಒಂದೊಂದಾಗಿ ಕಾಣುತ್ತಿದ್ದವು. ಇಲ್ಲಿ ಒಂದು ಪದ ತೆಗೆಯಬೇಕು, ಇಲ್ಲಿ ಅರ್ಧ ಸಾಲು, ಇಲ್ಲಿ ಪೂರ್ತಿ. ಗೋಡೆಯ ಪಕ್ಕದಲ್ಲಿ ಯಾವುದೋ ಪತ್ರಿಕೆಯ ಹುಡುಗಿಯೊಬ್ಬಳು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದಳು.

ಓದಿದಳು. “‘ಸೂಳೆ, ಮುದುಕಿ ಒಳಗೆ ರಕ್ತ ತೊಳೆಸ್ಕೊಳ್ತಿರ್ತಾಳೆ, ನೀನು ಹೊರಗೆ ಬೆಂಚಿನ ಮೇಲೆ ಒಬ್ಳೇ ಕೂತಿರ್ತೀಯ. ಅಲ್ಲಿಂದ ನಿನ್ನ ಎತ್ಕೊಂಡು ಹೋದ್ರೆ ಕೇಳೋರು ಯಾರೂ ಇಲ್ಲ ನೋಡು. ನಾಲ್ಕು ಜನ ಸೇರಿ ನಿನ್ನ ಬಟ್ಟೆ ಬಿಚ್ಚಿ ರಸ್ತೆಗೆ ಬಿಸಾಕ್ತೀವಿ, ಮುಖ ಗುರುತು ಸಿಗದ ಹಾಗೆ ಸುಡ್ತೀವಿ. ಆ ಮೆಟ್ಟಿಲಿನ ಬಗ್ಗೆ ಇನ್ನೊಂದು ಅಕ್ಷರ ಬರೆದು ನೋಡು.’”

ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಹವಾಮಾನದ ವರದಿ ಓದಿದಂತೆ ಓದಿ ನಿಲ್ಲಿಸಿದಳು. ಬಾಡಿಗೆ ತಗಾದೆಯವರಲ್ಲಿ ಒಬ್ಬ ತನ್ನ ಚಪ್ಪಲಿಯನ್ನು ನೋಡಿಕೊಂಡ.

“ಆ ಬೆಂಚು ನಿಜವಾಗ್ಲೂ ಇದೆಯಾ?” ಎಂದರು ನ್ಯಾಯಾಧೀಶರು.

“ಇದೆ. ಈಗ ಅಲ್ಲಿ ಕೂರೋದಿಲ್ಲ.”

“ಮೆಟ್ಟಿಲು ಅಂದ್ರೆ?”

“ನಾನು ಬರೆದ ಸುದ್ದಿ. ಬೆಂಕಿ ಬಿದ್ರೆ ಮಕ್ಕಳು ಇಳಿಯೋ ಮೆಟ್ಟಿಲು. ಬೀಗ ಹಾಕಿದ್ದಾರೆ.”

“ಈ ಕೊನೇ ಸಾಲು ನಿಮ್ಮ ಮೊದಲ ದೂರಿನಲ್ಲಿ ಯಾಕೆ ಇರಲಿಲ್ಲ? ಬರೆದಿದ್ದಕ್ಕೇ ಬೆದರಿಸಿದ್ದಾನೆ ಅಂತ ಗೊತ್ತಾಗೋದೇ ಈ ಸಾಲಿನಿಂದ.”

“ಮುಚ್ಚಿದ್ದೆ. ಅದನ್ನ ಬಿಟ್ರೆ ಕಟ್ಟಡದ ಯಜಮಾನರ ಮೇಲೆ ಅನುಮಾನ ಬರುತ್ತೆ. ಸಾಬೀತಾಗಿಲ್ವಲ್ಲ.”

ನ್ಯಾಯಾಧೀಶರು ಆ ಸಾಲಿನ ಕೆಳಗೆ ಗೆರೆ ಎಳೆದರು. ಕಂಪನಿಯ ವಕೀಲ ಮತ್ತೆ ಎದ್ದು ವೃದ್ಧೆಯ ಮಾತಿನ ವಿಷಯ ತೆಗೆದಾಗ, “ಅವರು ಒಳಗೆ ರಕ್ತ ತೊಳೆಸ್ಕೊಳ್ತಾ ಮಲಗಿರ್ತಾರೆ ಅಂತ ಆ ಬರಹದಲ್ಲೇ ಇದೆಯಲ್ಲ, ಅವರು ಯಾರ ನಾಲಿಗೆಗೆ ಬರೆ ಹಾಕ್ತಾರೆ? ಕೂತ್ಕೊಳ್ಳಿ” ಎಂದರು.

ಆದೇಶ ಸಂಜೆಯ ಹೊತ್ತಿಗೆ ಕೈಗೆ ಬಂತು. ಬರಹವನ್ನು ಕೂಡಲೇ ಇಳಿಸಬೇಕು, ಬರೆದವನ ವಿವರವನ್ನು ಪೊಲೀಸರಿಗೆ ಕೊಡಬೇಕು, ಡಯಾಲಿಸಿಸ್ ದಿನಗಳಲ್ಲಿ ಒಬ್ಬ ಮಹಿಳಾ ಪೇದೆ ಅಲ್ಲಿರಬೇಕು. ಅರ್ಜಿದಾರರು ಪತ್ರಕರ್ತೆ ಹೌದೇ, ಆ ಕಾನೂನಿನ ರಕ್ಷಣೆ ಅವರಿಗೆ ಸಲ್ಲುತ್ತದೆಯೇ ಎಂಬುದನ್ನು ಮುಂದೆ ನೋಡಲಾಗುವುದು. ಕತ್ತರಿ ಕೊನೆಯ ಸಾಲನ್ನು ಓದಿ ಕಾಗದವನ್ನು ಮಡಚಿದಳು. ಆ ಹುಡುಗಿಯ ಪತ್ರಿಕೆಯಲ್ಲಿ ಮಾರನೆಯ ದಿನ ‘ಗೃಹಿಣಿಗೆ ಅವಾಚ್ಯ ನಿಂದನೆ, ಕೋರ್ಟ್ ತರಾಟೆ’ ಎಂದು ಬಂತು. ಕತ್ತರಿಯ ಹೆಸರಿರಲಿಲ್ಲ. ಮೆಟ್ಟಿಲಂತೂ ಇರಲೇ ಇಲ್ಲ.

ಬರಹ ಇಳಿಯಿತು. ಪೇದೆ ಬಂದಳು. ಹೊರಗಿನ ಬೆಂಚಿನ ಮೇಲೆ ಕೂತು ತನ್ನ ಮದುವೆಯ ಮಾತುಕತೆ ಮುರಿದ ಕಥೆಯನ್ನು ಕತ್ತರಿಗೆ ಹೇಳಿ, ಆಮೇಲೆ ತಲೆಯನ್ನು ಗೋಡೆಗಾನಿಸಿ ನಿದ್ದೆ ಹೋದಳು. ಪಾಪ, ಬೆಳಗಿನ ಜಾವ ಬೇರೆಲ್ಲೋ ಬಂದೋಬಸ್ತು ಮುಗಿಸಿ ಬಂದಿದ್ದಳು. ಕತ್ತರಿ ಅವಳನ್ನು ಎಬ್ಬಿಸಲಿಲ್ಲ.

ಬರೆದವನ ವಿವರ ಪೊಲೀಸರಿಗೆ ಬರುವ ಮೊದಲೇ, ಬೇರೊಂದು ಗುಂಪಿನಲ್ಲಿ, ಬೇರೊಂದು ಹೆಸರಿನಲ್ಲಿ ಅದೇ ಬಾಗಿಲಿನ ಚಿತ್ರ ಮತ್ತೆ ಬಂತು. ಜೊತೆಗೆ ನಿದ್ದೆ ಮಾಡುತ್ತಿರುವ ಪೇದೆಯ ಚಿತ್ರವೂ ಇತ್ತು. ಕತ್ತರಿ ವಕೀಲೆಗೆ ಫೋನು ಮಾಡಿದಳು.

“ಹಳೇ ಆದೇಶ ಇದಕ್ಕೆ ನಡೆಯೋದಿಲ್ವಾ?”

“ಅದು ಆ ಬರಹಕ್ಕೆ ಮಾತ್ರ. ಇದಕ್ಕೆ ಹೊಸ ಅರ್ಜಿ ಹಾಕ್ಬೇಕು.” ವಕೀಲೆಯ ನೆಗಡಿ ಇನ್ನೂ ವಾಸಿಯಾಗಿರಲಿಲ್ಲ. “ಮತ್ತೆ ಎಲ್ಲಾ ಬರ್ಕೊಂಡು ಬನ್ನಿ. ಪೂರ್ತಿ.”

ಕತ್ತರಿ ಊಟದ ಮೇಜಿನ ಮುಂದೆ ಕೂತಳು. ಒಂದು ಪಕ್ಕದಲ್ಲಿ ಮೆಟ್ಟಿಲಿನ ಎರಡನೆಯ ವರದಿ ಅರ್ಧ ಬರೆದು ಬಿದ್ದಿತ್ತು. ಬೀಗ ಹಾಗೆಯೇ ಇದೆ, ಹಾಸಿಗೆಗಳನ್ನು ಇನ್ನೂ ಎತ್ತರಕ್ಕೆ ಪೇರಿಸಿದ್ದಾರೆ ಎಂಬಲ್ಲಿಗೆ ನಿಂತಿತ್ತು. ಅದನ್ನು ಸರಿಸಿಟ್ಟು, ಮೊಬೈಲನ್ನು ಲೋಟಕ್ಕೆ ಒರಗಿಸಿ ನಿಲ್ಲಿಸಿ, ಅವನು ಬರೆದದ್ದನ್ನು ಮೊದಲ ಪದದಿಂದ ಇಳಿಸಿಕೊಳ್ಳತೊಡಗಿದಳು.

“ಏನಂತೆ ಈ ಸಲ?” ಒಳಗಿನ ಕೋಣೆಯಿಂದ ಅತ್ತೆ ಕೇಳಿದರು.

ಕತ್ತರಿ ಪೂರ್ತಿ ಓದಿ ಹೇಳಿದಳು.

“ಹೋದ ಸಲದ್ದೇ ಅಲ್ವಾ. ಹೊಸದೇನೂ ಕಲ್ತಿಲ್ಲ.” ಅತ್ತೆ ಮಗ್ಗುಲು ಬದಲಾಯಿಸಿದ ಸದ್ದು ಕೇಳಿಸಿತು. “ಮತ್ತೆ ಕೋರ್ಟಿನಲ್ಲಿ ನೀನೇ ಓದ್ಬೇಕಾ?”

“ಹೂಂ, ಓದ್ಬೇಕಂತೆ.”

“ಸ್ವಲ್ಪ ಗಟ್ಟಿಯಾಗಿ ಓದು. ಹೋದ ಸಲ ಹಿಂದಿನ ಬೆಂಚಿಗೆ ಅರ್ಧ ಕೇಳಿಸ್ಲೇ ಇಲ್ಲ.”

“ಆಯ್ತು ಅತ್ತೆ” ಎಂದು ಕತ್ತರಿ ಮುಂದಿನ ಸಾಲಿಗೆ ಹೋದಳು.